ಬೇಸ್ ನಿಲ್ಲುವ ಜಾಗ

ಕನ್ನಡಕದ ಅಂಗಡಿಯ ಹಿಂದಿನ ಕೋಣೆಯಲ್ಲಿ ಇಪ್ಪತ್ತಾರು ವರ್ಷ ಗಾಜು ಉಜ್ಜಿದವನಿಗೆ ಒಂದು ಕಾಲದಲ್ಲಿ ಊರೂರಲ್ಲೂ ಅಭಿಮಾನಿಗಳಿದ್ದರು ಎಂದರೆ ಅಂಗಡಿಯವರೇ ನಂಬುತ್ತಿರಲಿಲ್ಲ. ಅವನೂ ಹೇಳಿಕೊಂಡವನಲ್ಲ. ಎತ್ತರದ ಸ್ಟೂಲಿನ ಮೇಲೆ ಕೂತು, ತಿರುಗುವ ಕಲ್ಲಿಗೆ ನೀರು ಬಿಟ್ಟು, ಗಾಜಿನ ಅಂಚನ್ನು ಫ್ರೇಮಿನ ಅಳತೆಗೆ ತರುವುದು, ಬೆಳಕಿಗೆ ಹಿಡಿದು ನೋಡುವುದು, ಒರೆಸಿ ಪೊಟ್ಟಣಕ್ಕೆ ಹಾಕುವುದು. ಅವನ ಎಡಭುಜ ಕೊಂಚ ಇಳಿದಿತ್ತು. ಬಗ್ಗಿ ಬಗ್ಗಿ ಹಾಗಾಗಿದೆ ಎಂದು ಎಲ್ಲರೂ ಅಂದುಕೊಂಡಿದ್ದರು. ನಿಜವೆಂದರೆ ಹದಿನೆಂಟನೇ ವಯಸ್ಸಿನಿಂದ ಹತ್ತು ವರ್ಷ ಆ ಭುಜಕ್ಕೆ ತಗ್ಗು ಸ್ವರದ ಬೇಸ್ ಗಿಟಾರು ಜೋತುಬಿದ್ದಿತ್ತು. ಬ್ಯಾಂಡಿನಲ್ಲಿ ಅವನಿಗೆ ಸೊಟ್ಟ ಎಂದೇ ಹೆಸರು.

ಅದು ನಾಲ್ವರ ಬ್ಯಾಂಡು. ಹಾಡುವವನು ಕೊಕ್ಕರೆ, ಉದ್ದ ಕಾಲು, ಉದ್ದ ಕತ್ತು. ಡ್ರಮ್ ಬಾರಿಸುವವನು ಗುಂಡ. ಕೀಬೋರ್ಡಿನವನು ಆಮೇಲೆ ಶಾಲೆಯಲ್ಲಿ ಗಣಿತ ಕಲಿಸಲು ಸೇರಿ ಮೇಷ್ಟ್ರಾದ. ಅವರದು ನ್ಯೂ ವೇವ್ ಸಂಗೀತ. ಕೀಬೋರ್ಡಿನ ತಣ್ಣನೆಯ ಸ್ವರ, ಯಂತ್ರದ ಹಾಗೆ ಬೀಳುವ ಪೆಟ್ಟು. ಕೇಳಿದರೆ ಕುಣಿಯೋಣ ಅನ್ನಿಸುತ್ತಿತ್ತು, ಮಾತಿಗೆ ಕಿವಿಗೊಟ್ಟರೆ ಕುಣಿಯುವ ಕಾಲು ನಿಂತುಬಿಡುತ್ತಿತ್ತು. ಮೂರು ಆಲ್ಬಮ್ ಬಂದವು. ನಾಲ್ಕನೆಯದು ಬರಲಿಲ್ಲ.

ಬಾರದಿದ್ದುದಕ್ಕೆ ಕಾರಣ ಒಂದು ಫೋನು. ಪರವೂರಿನಲ್ಲಿ ಕಾರ್ಯಕ್ರಮವಿದ್ದ ದಿನ ಸೊಟ್ಟನ ಅಕ್ಕ ಮಧ್ಯಾಹ್ನವೇ ಸಭಾಂಗಣಕ್ಕೆ ಫೋನ್ ಮಾಡಿ, ಅಮ್ಮನಿಗೆ ಕಾಯಿಲೆ ಬಹಳ ಜೋರಾಗಿದೆ, ಅವನನ್ನು ಕೂಡಲೇ ಕಳಿಸಿ ಎಂದಿದ್ದಳು. ಫೋನ್ ಎತ್ತಿದವನು ಕೊಕ್ಕರೆ. ಬೇಸ್ ಇಲ್ಲದೆ ಕಾರ್ಯಕ್ರಮ ನಡೆಯುವಂತಿರಲಿಲ್ಲ. ಮುಗಿದ ಮೇಲೆ ಹೇಳಿದ. ಸೊಟ್ಟ ಮನೆ ಮುಟ್ಟುವಷ್ಟರಲ್ಲಿ ಅಮ್ಮ ಇರಲಿಲ್ಲ. ಅವನು ಜಗಳವಾಡಲಿಲ್ಲ. ಗಿಟಾರನ್ನು ಕಪಾಟಿನ ಮೇಲೆ ಮಲಗಿಸಿದವನು ಇಪ್ಪತ್ತೊಂಬತ್ತು ವರ್ಷ ಕೊಕ್ಕರೆಯ ಮುಖ ನೋಡಲಿಲ್ಲ.

ಕೊನೆಗೆ ಕೊಕ್ಕರೆಯೇ ಬಂದ. ಒಂದು ಮಂಗಳವಾರ, ಗಿರಾಕಿಯ ಹಾಗೆ, ಅಂಗಡಿಗೇ. ತಲೆಯಲ್ಲಿ ಒಂದೆಳೆ ಕೂದಲು ಉಳಿದಿರಲಿಲ್ಲ, ಕತ್ತು ಮಾತ್ರ ಅಷ್ಟೇ ಉದ್ದ. ಹಳೆಯ ಹಾಡುಗಳನ್ನು ಈಗಿನವರು ಎಲ್ಲಿಂದಲೋ ಹುಡುಕಿ ಕೇಳುತ್ತಿದ್ದಾರಂತೆ, ಹೊಸದೊಂದು ಆಲ್ಬಮ್ ಮಾಡಿ ಎಂದು ಕಂಪನಿಯವರು ಬೆನ್ನು ಬಿದ್ದಿದ್ದಾರಂತೆ. "ನೀನು ಬರದೇ ಇದ್ರೆ ನಾನೂ ಮಾಡಲ್ಲ" ಅಂದ. ಸ್ವಲ್ಪ ತಡೆದು ದನಿ ತಗ್ಗಿಸಿ, "ಅವತ್ತು ತಪ್ಪು ಮಾಡ್ದೆ ಕಣೋ" ಅಂದ.

ಆ ಎರಡನೆಯ ಮಾತು ಸೊಟ್ಟನಿಗೆ ಕೇಳಿಸಲಿಲ್ಲ. ತುಟಿ ನೋಡಿ ತಿಳಿದುಕೊಂಡ.

ಕಿವಿ ಮಂದವಾಗುತ್ತ ಬಂದು ಆರೇಳು ವರ್ಷವಾಗಿತ್ತು. ಮೊದಲು ವೇದಿಕೆಯ ಸ್ಪೀಕರುಗಳು, ಆಮೇಲೆ ಉಜ್ಜುವ ಕಲ್ಲಿನ ಕಿರ್ರೆನ್ನುವ ಸದ್ದು, ಎರಡೂ ಸೇರಿ ತಮ್ಮ ಪಾಲು ಕಿತ್ತುಕೊಂಡಿದ್ದವು. ಅದು ಗೊತ್ತಿದ್ದವಳು ಅಕ್ಕ ಒಬ್ಬಳೇ. ಟೆಲಿಫೋನ್ ಆಪರೇಟರಾಗಿ ನಿವೃತ್ತಳಾದವಳು, ಗಂಡ ತೀರಿಕೊಂಡ ಮೇಲೆ ಮದುವೆಯ ಗೋಜಿಗೇ ಹೋಗದ ತಮ್ಮನ ಜೊತೆ ಇದ್ದಳು. ಅವನು ಪಕ್ಕದಲ್ಲೇ ಕೂತಿದ್ದಾಗ ಕೆಟಲು ಕೂಗಿ ಕೂಗಿ ತಳ ಸುಟ್ಟ ದಿನ, ಕಿವಿ ಡಾಕ್ಟರ ಹತ್ತಿರ ಹೋಗು ಎಂದು ಗೋಗರೆದಿದ್ದಳು. ಏನೋ ಯೋಚಿಸುತ್ತಿದ್ದೆ ಎಂದು ಅವನು ಜಾರಿಕೊಂಡಿದ್ದ.

ಕಿವಿಯ ಸುದ್ದಿ ಬಾಯಿಬಿಡದೆ ಸೊಟ್ಟ ಆಲ್ಬಮ್ಮಿಗೆ ಒಪ್ಪಿಕೊಂಡ. ಸ್ಟುಡಿಯೋದಲ್ಲಿ ಎರಡು ತಿಂಗಳು ಕಳೆದವು. ಅಷ್ಟು ಖುಷಿಯಾಗಿ ಅವನು ಯಾವತ್ತೂ ಇರಲಿಲ್ಲ. ಬೇಸಿನ ಸದ್ದು ಕಿವಿಗಿಂತ ಮೊದಲು ಎದೆಗೆ ಬರುತ್ತದೆ, ನಿಭಾಯಿಸಬಹುದು ಅಂದುಕೊಂಡ. ಡ್ರಮ್ಮಿನ ಪೆಡಲ್ ಒತ್ತುವ ಗುಂಡನ ಬಲಗಾಲಿನ ಮೇಲೆ ಕಣ್ಣು ನೆಟ್ಟು ಲಯ ಹಿಡಿದ. ನನ್ನ ಬೂಟಿನ ಮೇಲೆ ಕಣ್ಣು ಹಾಕಿದ್ದೀಯಾ ಎಂದು ಗುಂಡ ನಗಾಡಿದ. ನಾಲ್ಕನೆಯ ಹಾಡನ್ನು ಕೊಕ್ಕರೆ ಆ ಫೋನಿನ ಬಗ್ಗೆಯೇ ಬರೆದಿದ್ದ. ಅದರ ನಡುವೆ ಒಂದು ಸಾಲು ಮುಗಿಯುವವರೆಗೆ ಬೇಸ್ ಪೂರ್ತಿ ನಿಲ್ಲಬೇಕು ಎಂದು ಸೊಟ್ಟ ಹಟ ಹಿಡಿದ. ಎಲ್ಲರೂ ಒಪ್ಪಿದರು.

ಆಲ್ಬಮ್ ಮನೆಗೆ ಬಂತು. ಹೊದಿಕೆಯ ಮೇಲೆ ನಾಲ್ಕು ಮುದಿ ಮುಖ, ಒಳಗೆ ಅವನ ಹೆಸರು. ಅಕ್ಕ ಹಾಕಿದಳು, ಅವನು ಸ್ಪೀಕರಿನ ಡಬ್ಬಿಗೆ ಅಂಗೈ ಒತ್ತಿ ಕೂತ. ನಾಲ್ಕನೆಯ ಹಾಡಿನಲ್ಲಿ ಅಂಗೈಗೆ ತಾಗುತ್ತಿದ್ದ ಬೇಸಿನ ಕಂಪನ ಎಲ್ಲೂ ನಿಲ್ಲಲೇ ಇಲ್ಲ. ಮತ್ತೊಮ್ಮೆ ಹಾಕಿಸಿದ. ಮಧ್ಯದಲ್ಲಿ ಬೇಸ್ ನಿಲ್ಲುತ್ತದಾ ಎಂದು ಕೇಳಿದ. ಇಲ್ಲ ಎಂದಳು ಅಕ್ಕ.

ಮೇಷ್ಟ್ರಿಗೆ ಸುಳ್ಳು ಹೇಳಲು ಬರುತ್ತಿರಲಿಲ್ಲ. ಮನೆಗೆ ಕರೆಸಿ ಕೇಳಿದಾಗ ಎಲ್ಲ ಬಾಯಿಬಿಟ್ಟರು. ಸೊಟ್ಟ ನುಡಿಸಿದ್ದು ಎಲ್ಲೂ ತಾಳಕ್ಕೆ ಸೇರಿರಲಿಲ್ಲ; ಕೊಕ್ಕರೆಯೇ ಒಂದು ವಾರ ಕೂತು ಹತ್ತೂ ಹಾಡಿಗೆ ಬೇಸ್ ನುಡಿಸಿ, ಅವನಿಗೆ ತಿಳಿಸಬೇಡಿ, ನೊಂದುಕೊಳ್ಳುತ್ತಾನೆ ಎಂದಿದ್ದನಂತೆ. ನಿಲ್ಲಬೇಕಾದ ಜಾಗ ಆ ಗಡಿಬಿಡಿಯಲ್ಲಿ ಮರೆತೇ ಹೋಗಿತ್ತು.

ಮೇಷ್ಟ್ರಿಂದ ಸುದ್ದಿ ತಿಳಿದು ಭಾನುವಾರ ಕೊಕ್ಕರೆ ಬಂದು ಬಾಗಿಲಲ್ಲೇ ನಿಂತ. ಸೊಟ್ಟ ಒಳಗೆ ಕರೆದು ಕೂರಿಸಿದ.

"ಅವತ್ತು ಹೇಳಿದ್ರೆ ನಾನು ಎದ್ದು ಹೋಗ್ತಿದ್ದೆ. ಈಗ ಹೇಳಿದ್ರೂ ಹೋಗ್ತಿದ್ದೆ. ಅದಕ್ಕೇ ನೀನು ಹೇಳಲ್ಲ" ಅಂದ.

"ನೀನು ಖುಷಿಯಾಗಿದ್ದೆ" ಅಂದ ಕೊಕ್ಕರೆ. "ಅದನ್ನ ನೋಡಿ ಹೇಳೋಕೆ ಬಾಯಿ ಬರಲಿಲ್ಲ."

ಸೊಟ್ಟನಿಗೆ ಇದೂ ತುಟಿಯಿಂದಲೇ ತಿಳಿದದ್ದು. ಸುಳ್ಳಲ್ಲ ಎಂದೂ ತಿಳಿಯಿತು. ಬಿಡುಗಡೆಯ ಕಾರ್ಯಕ್ರಮಕ್ಕೆ ತಾನು ಬರುವುದಿಲ್ಲ, ಬೇರೆ ಯಾರನ್ನಾದರೂ ನೋಡಿಕೊಳ್ಳಿ ಎಂದಷ್ಟೇ ಹೇಳಿದ. ಜೊತೆಗೆ ಸ್ಟುಡಿಯೋದಲ್ಲಿ ತಾನು ನುಡಿಸಿದ್ದರ ಮೂಲ ಧ್ವನಿಮುದ್ರಣವನ್ನು ತರಿಸಿಕೊಂಡ.

ಅಕ್ಕ ಕನ್ನಡಕ ತೆಗೆದಿಟ್ಟು, ಹಳೆಯ ಕೆಲಸಕ್ಕೆ ಕೂತವಳ ಹಾಗೆ ಹೆಡ್‌ಫೋನ್ ಹಾಕಿಕೊಂಡು ಹತ್ತೂ ಹಾಡು ಕೇಳಿದಳು. ಅವನು ಎದುರಿಗೆ ಕೂತು ಅವಳ ಮುಖವನ್ನೇ ನೋಡಿದ. ಮುಗಿದಾಗ, ಇದ್ದದ್ದು ಇದ್ದ ಹಾಗೆ ಹೇಳು ಎಂದ.

"ಹಿಂದೆ ಬಿದ್ದಿದ್ದೀಯ" ಅಂದಳು, ಅವನಿಗೆ ಕಾಣುವ ಹಾಗೆ ಬಿಡಿಸಿ ಬಿಡಿಸಿ. "ಎಲ್ಲದರಲ್ಲೂ."

"ತುಂಬಾನಾ?"

"ತುಂಬಾ ಕಣೋ."

ನಾಲ್ಕನೆಯದು ಹೇಗಿದೆ ಎಂದು ಕೇಳಿದ. ನಿಲ್ಲುವ ಜಾಗದಲ್ಲಿ ಸರಿಯಾಗಿ ನಿಂತಿದ್ದೀಯ, ಮತ್ತೆ ಶುರು ಮಾಡಿದ್ದು ತಡವಾಗಿದೆ ಎಂದಳು. ಅಮ್ಮ ಹೋದಾಗ ಅಳದವನು ಅವತ್ತು ಅಕ್ಕನ ಮುಂದೆ ಕೂತು ಬಿಕ್ಕಿ ಬಿಕ್ಕಿ ಅತ್ತ. ಅವಳು ತಡೆಯಲಿಲ್ಲ.

ಮರುವಾರ ಕಿವಿ ಡಾಕ್ಟರನ್ನು ಕಂಡ. ಹೋದದ್ದು ಹೋಯಿತು, ಇದ್ದದ್ದನ್ನು ಉಳಿಸಿಕೊಳ್ಳಬಹುದು ಎಂದರು. ಅವರು ಕಿವಿಗೆ ಹಾಕಿಕೊಳ್ಳಲು ಕೊಟ್ಟ ಯಂತ್ರದಲ್ಲಿ ಮಾತು ಕೇಳಿಸುತ್ತದೆ; ಹಾಡು ಮಾತ್ರ ತಗಡು ಕೆರೆದಂತೆ. ಆಲ್ಬಮ್ ಚೆನ್ನಾಗಿ ಹೋಯಿತು, ಬೇಸನ್ನು ಹೊಗಳಿ ಪತ್ರಿಕೆಯಲ್ಲೂ ಬಂತು. ಅಂಗಡಿಯವರು ಅದನ್ನು ಕತ್ತರಿಸಿ ಗೋಡೆಗೆ ಅಂಟಿಸಲು ಹೊರಟಾಗ, ಬೇಡ ಎಂದು ಕೈಮುಗಿದ.

ಕೊಕ್ಕರೆ ಈಗಲೂ ತಿಂಗಳಿಗೊಮ್ಮೆ ಬರುತ್ತಾನೆ. ಎದುರಿಗೇ ಕೂತು ನಿಧಾನವಾಗಿ ಮಾತಾಡುತ್ತಾನೆ, ಮಂಡಿನೋವಿನದು, ಬಿಸಿಲಿನದು. ಸಂಗೀತದ ಸುದ್ದಿ ಇಬ್ಬರೂ ಎತ್ತುವುದಿಲ್ಲ.