ರೋಗಾಣು ದಾನಿ ಲಕ್ಕಪ್ಪ

ಬಾಣಾವರದ ಲಕ್ಕಪ್ಪನಿಗಿದ್ದದ್ದು ಒಂದೇ ಕೊರಗು: ಅವನ ಹೆಸರನ್ನು ಯಾರೂ ಎಲ್ಲೂ ಹಾಕಿರಲಿಲ್ಲ. ಅವನು ಬೆಳೆಸಿ ಮಾರಿದ ತೆಂಗಿನ ಸಸಿಗಳು ಅರಸೀಕೆರೆಯಿಂದ ಬೇಲೂರಿನವರೆಗೆ ಮರಗಳಾಗಿ ನಿಂತಿದ್ದವು. ಎಳನೀರು ಕುಡಿದವರು ತೋಟದವನನ್ನು ಹೊಗಳುತ್ತಿದ್ದರು, ತೋಟದವನು ಗೊಬ್ಬರವನ್ನು ಹೊಗಳುತ್ತಿದ್ದ. ಸಸಿ ಕೊಟ್ಟವನು ಮಾತ್ರ ಯಾರ ಬಾಯಲ್ಲೂ ಇರಲಿಲ್ಲ.

ಹೀಗಿರಲು ಅರಸೀಕೆರೆಯ ಕಾಲೇಜೊಂದರಿಂದ ವಿಭಾ ಎಂಬ ಹುಡುಗಿ ತನ್ನ ತಂಡ ಕಟ್ಟಿಕೊಂಡು ಬಂದು, "ಅಂಕಲ್, ರಸ ಸೋರೋ ತೆಂಗಿನ ಮರ ಇದ್ಯಾ?" ಎಂದು ಕೇಳಿದಳು. ರೋಗ ಹಿಡಿದು ಕಾಂಡದಿಂದ ರಸ ಸೋರುತ್ತಿದ್ದ ಬೇಲಿಯಂಚಿನ ಮುದಿ ಮರವನ್ನು ಲಕ್ಕಪ್ಪ ತೋರಿಸಿದ.

"ಏನಾರ ಮಾಡ್ಕಳಿ ಕಣವ್ವ. ನನ್ ಹೆಸ್ರು ಮಾತ್ರ ಮರೀದಂಗೆ ಹಾಕ್ಬೇಕು."

"ಮರೆಯೋದಾ! ಯಾರ್ಯಾರು ಏನೇನು ಸಹಾಯ ಮಾಡಿದ್ರು ಅಂತ ಬರೀಲೇಬೇಕು ಅಂಕಲ್. ಸ್ಪರ್ಧೆ ರೂಲ್ಸೇ ಹಾಗಿದೆ."

ಆ ಮಕ್ಕಳದ್ದು ಸಿಂಥೆಟಿಕ್ ಬಯಾಲಜಿ. ಬ್ಯಾಕ್ಟೀರಿಯಾದ ಒಳಗಿನ ಬರಹವನ್ನೇ ತಿದ್ದಿ, ಮರದ ರೋಗ ಕಣ್ಣಿಗೆ ಬೀಳುವ ಮೊದಲೇ ಬಣ್ಣ ತಿರುಗಿ ಎಚ್ಚರಿಸುವ ಜೀವವೊಂದನ್ನು ಮಾಡುವ ಹಂಚಿಕೆ. ಅದನ್ನು ಹೊತ್ತು ವಿದೇಶದ ಸ್ಪರ್ಧೆಗೆ ಹೊರಟಿದ್ದರು. ವಾರವಾರವೂ ಬಂದು ಕಾಂಡ ಕೆರೆದುಕೊಂಡು ಹೋಗುತ್ತಿದ್ದವರಿಗೆ ಲಕ್ಕಪ್ಪನ ಹೆಂಡತಿ ಮುದ್ದಮ್ಮ ಮಜ್ಜಿಗೆ ಕೊಟ್ಟು, "ಮೊದ್ಲು ನೀವು ಒಂದಿಷ್ಟು ದಪ್ಪಾಗಿ, ಆಮ್ಯಾಕೆ ಮರ ನೋಡೀರಂತೆ" ಎನ್ನುತ್ತಿದ್ದಳು.

ಸ್ಪರ್ಧೆಗೆಂದು ತಂಡ ಇಂಟರ್ನೆಟ್ಟಿನಲ್ಲಿ ತೆರೆದಿದ್ದ ಇಂಗ್ಲಿಷ್ ಪುಟದಲ್ಲಿ ಲಕ್ಕಪ್ಪನ ಹೆಸರು ಬಂತು. ಅದು ಅಂಕಲ್‌ಗೆ ಓದಲು ಬಾರದಲ್ಲ ಎಂದು ಮರುಗಿ ಮಕ್ಕಳು ಬಾಣಾವರ ರೈಲ್ವೆ ಸ್ಟೇಷನ್ನಿನ ಎದುರು ಒಂದು ಫ್ಲೆಕ್ಸ್ ಕಟ್ಟಿಸಿದರು. ಹೆಗಲ ಮೇಲೆ ಟವೆಲ್ಲು, ಮುಗಿದ ಕೈ, ಪಕ್ಕದಲ್ಲಿ ಮೊಳದುದ್ದದ ಅಕ್ಷರ: "ನಮ್ಮ ಸಂಶೋಧನೆಗೆ ರೋಗಾಣು ನೀಡಿದ ಮಹಾದಾನಿ, ಸಸಿ ಬೆಳೆಗಾರ ಶ್ರೀ ಲಕ್ಕಪ್ಪನವರಿಗೆ ವಂದನೆಗಳು."

ಅನ್ನದಾನಿಗಳುಂಟು, ರಕ್ತದಾನಿಗಳುಂಟು, ಕಣ್ಣುಮುಚ್ಚಿ ಕೊಡುವ ನೇತ್ರದಾನಿಗಳೂ ಉಂಟು. ರೋಗಾಣುದಾನಿ ಎಂದು ಹೆಸರಾದವನು ತಾಲ್ಲೂಕಿನಲ್ಲಿ ಇವನೊಬ್ಬನೇ. ಬೆಳಿಗ್ಗೆಯೆಲ್ಲ ಲಕ್ಕಪ್ಪ ಏನಾದರೊಂದು ನೆಪ ತೆಗೆದು ಸ್ಟೇಷನ್ ಕಡೆಗೇ ಓಡಾಡಿದ. ಟೀ ಅಂಗಡಿಯ ಉಮೇಶ ಕೂಗಿದ:

"ಏನ್ಲಾ ಲಕ್ಕ, ಸಸಿ ಜೊತೆ ರೋಗ ಫ್ರೀಯಂತೆ?"

ನಕ್ಕವರಲ್ಲಿ ಲಕ್ಕಪ್ಪನೂ ಒಬ್ಬ. ಮಧ್ಯಾಹ್ನದಿಂದ ಸಸಿ ಹೇಳಿಟ್ಟಿದ್ದವರಿಂದ ಬೇಡವೆಂಬ ಫೋನುಗಳು ಶುರುವಾದ ಮೇಲೆ ನಗು ನಿಂತಿತು. ಏಣಿ ಹಾಕಿ ಫ್ಲೆಕ್ಸನ್ನು ತಾನೇ ಇಳಿಸಿದ. ಅಷ್ಟರಲ್ಲಿ ಅದರ ಫೋಟೊ ತೆಂಗು ಬೆಳೆಗಾರರ ಗ್ರೂಪುಗಳನ್ನೆಲ್ಲ ಹತ್ತಿ ಕೂತಿತ್ತು. ಅಲ್ಲಿಂದ ಇಳಿಸುವ ಏಣಿ ಯಾವ ಮನೆಯಲ್ಲೂ ಇರಲಿಲ್ಲ.

ಉಳಿದದ್ದು ಹಳೇಬೀಡಿನ ಯೋಗನರಸಿಂಹ ಮೇಷ್ಟ್ರು. ನಿವೃತ್ತರಾಗಿ ತೋಟ ಹಾಕಹೊರಟಿದ್ದ ಅವರು ಲಕ್ಕಪ್ಪನ ಅರ್ಧಕ್ಕರ್ಧ ಸಸಿಗಳನ್ನು ಹೇಳಿಟ್ಟಿದ್ದರು. ಅವರೂ ಬೇಡವೆಂದರೆ ಆ ವರ್ಷ ಹೋದಂತೆ. ಬಲಿತ ಸಸಿ ಮಡಿಯಲ್ಲಿ ಕಾದು ಕೂರುವುದಿಲ್ಲ, ಬೇರು ಬಿಟ್ಟು ಕೆಡುತ್ತದೆ. ಲಕ್ಕಪ್ಪ ಬಸ್ಸು ಹತ್ತಿದ.

"ಅದು ಬೇಲಿ ಮರ ಸಾ. ಬಿತ್ತನೆ ಕಾಯಿ ಬ್ಯಾರೆ ಮರದ್ದು. ದೇವ್ರಾಣೆ."

"ನಾನು ನಂಬ್ತೀನಪ್ಪ. ಆದ್ರೆ ಫೋಟೊದಲ್ಲಿ ನೀವೇ ಕೈ ಮುಗಿದು ಒಪ್ಕೊಂಡು ನಿಂತಿದೀರಲ್ಲ!" ಎಂದರು ಮೇಷ್ಟ್ರು. "ಇಂಟರ್ನೆಟ್ಟಲ್ಲೂ ಇದೆಯಂತೆ, ಮಗಳು ತೋರಿಸಿದಳು. ಅದನ್ನಾದರೂ ತೆಗೆಸಿ. ಆಮೇಲೆ ನೋಡೋಣ."

ಆ 'ನೋಡೋಣ'ವನ್ನೇ ಗಟ್ಟಿಯಾಗಿ ಹಿಡಿದುಕೊಂಡು ಲಕ್ಕಪ್ಪ ಅರಸೀಕೆರೆಗೆ ಬಂದ. ವಿಭಾ ಲ್ಯಾಬಿನಲ್ಲಿದ್ದಳು.

"ಹೆಸರು ತೆಗೆದರೆ ಮಾದರಿ ಎಲ್ಲಿಂದ ಬಂತು ಅಂತ ನಮ್ಮನ್ನೇ ಹಿಡೀತಾರೆ ಅಂಕಲ್. ಇವತ್ತು ಸಂಜೆ ಪುಟ ಲಾಕ್ ಆಗುತ್ತೆ. ಆಮೇಲೆ ಯಾರೂ ಒಂದಕ್ಷರ ಮುಟ್ಟೋಕಾಗಲ್ಲ."

"ಅಷ್ಟ್ರೊಳಗೆ ತೆಗ್ದುಬುಡವ್ವ. ನಿನ್ ಕಾಲಿಗ್ ಬೀಳ್ತೀನಿ."

ಬರೀ ಮಾತಲ್ಲ, ನಿಜವಾಗಿಯೂ ಬಗ್ಗಿದ. ವಿಭಾ ಹೌಹಾರಿ ಅವನ ತೋಳು ಹಿಡಿದು ಎತ್ತಿ ಕೂರಿಸಿದಳು. ಕಂಪ್ಯೂಟರಿನ ಮುಂದೆ ಕೂತು, ಕಣ್ಣೊರೆಸಿಕೊಳ್ಳುತ್ತ ಹೆಸರನ್ನು ಅಳಿಸಿ 'ಸ್ಥಳೀಯ ರೈತರೊಬ್ಬರು' ಎಂದು ಬರೆದಳು. ಸಾಲದೆಂದು ಮೇಷ್ಟ್ರಿಗೆ ಫೋನು ಮಾಡಿ, ಆ ರೋಗ ಕಾಯಿಯ ಮೂಲಕ ಸಸಿಗೆ ಹರಡುವಂಥದ್ದಲ್ಲವೆಂದು ಬಿಡಿಸಿ ಹೇಳಿದಳು. ಮೇಷ್ಟ್ರು ಸಾವಧಾನವಾಗಿ ಕೇಳಿದರು. ಅವರ ತಲೆಯಲ್ಲಿ ಕೂತದ್ದು ಇಷ್ಟೇ: ರೋಗ ಇರುವುದಂತೂ ನಿಜ.

ಮರುದಿನ ಲಕ್ಕಪ್ಪ ಬೇಲಿಯ ಮರವನ್ನು ಕಡಿದು ಸುಟ್ಟ. ಆ ಸುದ್ದಿಯೂ ಗ್ರೂಪು ಹತ್ತಿತು; ಸಂಜೆಗೆ ಮೇಷ್ಟ್ರ ಫೋನು ಬಂತು.

"ರಾತ್ರೋರಾತ್ರಿ ಹೆಸರು ಮಾಯ, ಬೆಳಗಾದರೆ ಮರ ಬೂದಿ. ಏನೂ ಇಲ್ಲದವರು ಇಷ್ಟೆಲ್ಲ ಒದ್ದಾಡ್ತಾರಾ ಲಕ್ಕಪ್ಪ? ಬೇಜಾರು ಮಾಡ್ಕೋಬೇಡಿ. ತಿಪಟೂರಿಂದ ತರಿಸ್ತಾ ಇದೀನಿ."

ಲಕ್ಕಪ್ಪ ವಿಭಾಳ ನಂಬರು ಒತ್ತಿದ.

"ಅವ್ವ, ಹೆಸ್ರು ಮತ್ತೆ ಹಾಕ್ಬುಡವ್ವ. ಹೋಗೋದೆಲ್ಲ ಹೋಯ್ತು. ಅದೊಂದಾರ ಇರ್ಲಿ."

ಆ ಕಡೆ ವಿಭಾ ಅಳತೊಡಗಿದಳು.

"ನಿನ್ನೆನೇ ಲಾಕ್ ಆಯ್ತು ಅಂಕಲ್. ನಾನು… ಸಾರಿ ಅಂಕಲ್."

"ಅಳ್ಬ್ಯಾಡ ಕಣವ್ವ. ನಿಂದೇನೈತೆ ತಪ್ಪು."

ಮುದ್ದಮ್ಮ ಬಾಗಿಲಲ್ಲಿ ನಿಂತಿದ್ದಳು. "ಏನಂತೆ?"

"ಬೀಗ ಹಾಕವ್ರಂತೆ."

"ಹಂಗಾರೆ ನಾವೂ ಬೀಗ ಹಾಕದೇಯಾ," ಎಂದು ಅವಳು ಸಸಿ ಮಡಿಗಳ ಕಡೆ ನೋಡಿದಳು. ಯಾರೂ ಒಯ್ಯದ ಸಸಿಗಳು ಹೊಸ ಗರಿ ಬಿಚ್ಚುತ್ತಿದ್ದವು. ಅಷ್ಟರಲ್ಲಿ ಕರೆಂಟು ಬಂತು. ಲಕ್ಕಪ್ಪ ಎದ್ದು ಹೋಗಿ ಮೋಟಾರು ಹಾಕಿ, ಅವಕ್ಕೆ ನೀರು ಬಿಟ್ಟ.