ಮೇಷ್ಟ್ರಿಲ್ಲದ ಶಾಲೆಯ ಹಾಜರಿ ಪುಸ್ತಕ

ಇದು ನಾನು ಬರೆಯುವ ಹಾಗೆಯೇ ನಡೆಯಿತೆಂದು ಆಣೆಯಿಟ್ಟು ಹೇಳಲಾರೆ. ಮದರಾಸಿನಲ್ಲಿ ತರ್ಕಶಾಸ್ತ್ರ ಓದಿ ಬಿ.ಎ. ಮಾಡಿದವನು ನಾನು. ಸಾಕ್ಷಿ ಹಳೆಯದಾದಷ್ಟೂ ದುರ್ಬಲ ಎಂದು ಅಲ್ಲಿ ಕಲಿಸಿದ್ದರು. ಈ ಸಂಗತಿಗೆ ಈಗ ಉಳಿದಿರುವ ಹಳೆಯ ಸಾಕ್ಷಿ ನಾನೇ. ವರ್ಷ ೧೮೯೧ ಇರಬೇಕು. ೧೮೯೨ ಎಂದು ಯಾರಾದರೂ ಹೇಳಿದರೆ ವಾದಕ್ಕೆ ನಿಲ್ಲುವುದಿಲ್ಲ. ಆಗ ನಾನು ಬಳ್ಳಾರಿಯಲ್ಲಿ ಶಾಲೆಗಳ ಕಿರಿಯ ಇನ್ಸ್ಪೆಕ್ಟರ್ ಆಗಿದ್ದೆ. ವಯಸ್ಸು ಮೂವತ್ತು ದಾಟಿರಲಿಲ್ಲ, ನನ್ನ ಮೇಲೆ ನನಗೆ ಈಗಿನದಕ್ಕಿಂತ ಹೆಚ್ಚು ನಂಬಿಕೆಯಿತ್ತು.

ಆ ಕಾಲದ ವ್ಯವಸ್ಥೆಯನ್ನು ಎರಡು ಮಾತಿನಲ್ಲಿ ಹೇಳಬೇಕು. ಹಳ್ಳಿ ಪಟ್ಟಣಗಳ ಸಾರ್ವಜನಿಕ ಶಾಲೆಗಳನ್ನು ನಡೆಸುತ್ತಿದ್ದುದು ಒಂದು ಬೋರ್ಡು. ಮೇಷ್ಟ್ರನ್ನು ನೇಮಿಸುವುದು, ವರ್ಗ ಮಾಡುವುದು, ಬಜೆಟ್ಟು ಹಾಕುವುದು ಎಲ್ಲವೂ ಅದರದೇ. ಇನ್ಸ್ಪೆಕ್ಟರನ ಕೆಲಸ ವರ್ಷಕ್ಕೊಮ್ಮೆ ಹೋಗಿ ಮಕ್ಕಳನ್ನು ಪರೀಕ್ಷಿಸಿ, ಹಾಜರಿ ಪುಸ್ತಕ ನೋಡಿ, ವರದಿ ಬರೆಯುವುದು. ಆ ವರದಿಯ ಮೇಲೆ ಶಾಲೆಗೆ ಗ್ರಾಂಟು ಬರುತ್ತಿತ್ತು, ಇಲ್ಲವೇ ನಿಲ್ಲುತ್ತಿತ್ತು. ನಿಯಮಾವಳಿಯಲ್ಲಿ ಎಲ್ಲಕ್ಕಿಂತ ದೊಡ್ಡ ಅಪರಾಧ ಸುಳ್ಳು ಹಾಜರಿ. ಅದು ಕಂಡರೆ ಶಾಲೆ ಮುಚ್ಚಬೇಕೆಂದು ಬರೆಯುವುದು ಬಿಟ್ಟು ಇನ್ಸ್ಪೆಕ್ಟರನಿಗೆ ಬೇರೆ ದಾರಿಯಿರಲಿಲ್ಲ.

ಆ ವರ್ಷ ಬೋರ್ಡಿಗೆ ಹಣದ ಮುಗ್ಗಟ್ಟು. ಕುರುಗೋಡಿನ ಮೇಷ್ಟ್ರು ಜ್ವರದಿಂದ ತೀರಿಕೊಂಡರು. ಅವರ ಜಾಗಕ್ಕೆ ಹೊಸಬರನ್ನು ತೆಗೆದುಕೊಳ್ಳುವ ಬದಲು ಸಿರುಗುಪ್ಪದ ಕಾಲುವೆ ಕೇರಿಯ ಶಾಲೆಯಲ್ಲಿದ್ದ ಒಬ್ಬನೇ ಮೇಷ್ಟ್ರನ್ನು ಕುರುಗೋಡಿಗೆ ಕಳಿಸಿದರು. ಕಾಲುವೆ ಕೇರಿಗೆ ಬೇರೊಬ್ಬರನ್ನು ಕಳಿಸುತ್ತೇವೆ ಎಂದರು, ಕಳಿಸಲಿಲ್ಲ. ಏಳು ತಿಂಗಳಾಯಿತು. ನಾನು ಹೊರಡುವ ಮುನ್ನ ಬೋರ್ಡಿನ ಅಧ್ಯಕ್ಷರು ಕರೆಸಿ ಹೇಳಿದರು: “ಮೇಷ್ಟ್ರಿಲ್ಲದ ಶಾಲೆ. ಮುಚ್ಚಬಹುದು ಎಂದು ನೀವು ಒಂದು ಸಾಲು ಬರೆದರೆ ಸಾಕು. ನಮ್ಮ ಬಜೆಟ್ಟು ಹಗುರಾಗುತ್ತದೆ.” ನನಗೂ ಅದು ಸರಿಯೆನಿಸಿತ್ತು. ಇದನ್ನು ಮುಚ್ಚಿಡಲಾರೆ.

ತೆಕ್ಕಲಕೋಟೆಯಲ್ಲಿ ಒಂದು ರಾತ್ರಿ ತಂಗಿ, ಮರುದಿನ ಬೆಳಿಗ್ಗೆ ಎತ್ತಿನ ಬಂಡಿಯಲ್ಲಿ ಸಿರುಗುಪ್ಪ ಮುಟ್ಟಿದೆ. ಕಾಲುವೆಯ ಎರಡೂ ಬದಿ ಭತ್ತ ತೆನೆಗಟ್ಟಿತ್ತು. ಶಾಲೆ ಎಂದರೆ ಮಣ್ಣಿನ ಗೋಡೆಯ ಒಂದು ಪಡಸಾಲೆ. ಬೀಗ ಜಡಿದಿರುತ್ತದೆಂದು ನಾನು ಅಂದುಕೊಂಡಿದ್ದೆ. ದೂರದಿಂದಲೇ ಮಗ್ಗಿ ಕೇಳಿಸಿತು.

ಒಳಗೆ ಮೂವತ್ತಕ್ಕೂ ಹೆಚ್ಚು ಮಕ್ಕಳಿದ್ದರು. ಮೇಷ್ಟ್ರು ಕೂರುವ ಜಾಗದಲ್ಲಿ ನಡುವಯಸ್ಸಿನ ಒಬ್ಬ ಹೆಂಗಸು, ಮುಂದೆ ಸೇರು, ಪಾವು, ಚಟಾಕುಗಳ ಸಾಲು. ಅವಳ ಹೆಸರು ಗಂಗವ್ವ. ಸಂತೆಯಲ್ಲಿ ಕಾಳು ಅಳೆದು ಮಾರುವ ವಿಧವೆ. ನನ್ನನ್ನು ಕಂಡು ಸೆರಗು ಸರಿಮಾಡಿಕೊಂಡಳೇ ಹೊರತು ಏಳಲಿಲ್ಲ.

“ಪಾಠ ನಡದೈತ್ರಿ, ಒಂದೀಟು ಕುಂದರ್ರಿ,” ಎಂದು ಒಬ್ಬ ಹುಡುಗಿಯ ಕಡೆ ತಿರುಗಿದಳು. “ಎರಡೂವರೆ ಸೇರಿನಾಗ ಎಷ್ಟು ಪಾವು ಐತಿ?”

“ಹತ್ತು.”

“ಅದ್ರಾಗ ಮೂರು ಪಾವು ಶಾನುಭೋಗ ರಾಯರ ಮನಿಗೆ ಕೊಟ್ಟಿ. ಎಷ್ಟು ಉಳೀತು?”

“ಏಳು ಪಾವು. ಒಂದೂಮುಕ್ಕಾಲು ಸೇರು. ಆದ್ರ ರಾಯರ ಮನ್ಯಾಗ ಮತ್ತೊಮ್ಮಿ ಅಳದು ನೋಡ್ತಾರ.”

ಮಕ್ಕಳೆಲ್ಲ ನಕ್ಕರು. ಆ ವರ್ಷ ನಾನು ನೋಡಿದ್ದ ಇಪ್ಪತ್ತು ಶಾಲೆಗಳಲ್ಲಿ, ಸರ್ಟಿಫಿಕೇಟು ಇದ್ದ ಮೇಷ್ಟ್ರುಗಳ ಕೈಕೆಳಗೆ, ಭಿನ್ನರಾಶಿಯನ್ನು ಇಷ್ಟು ಸಲೀಸಾಗಿ ಹೇಳಿದ ಮಗುವನ್ನು ಕಂಡಿರಲಿಲ್ಲ. ಇಪ್ಪತ್ತು ಎಂಬುದು ನನ್ನ ಅಂದಾಜು. ಭಿನ್ನರಾಶಿಯ ಬಗ್ಗೆ ಅನುಮಾನವಿಲ್ಲ.

ಅಷ್ಟರಲ್ಲಿ ಸುದ್ದಿ ಹಬ್ಬಿ ತಂದೆ ತಾಯಂದಿರು ಬಂದು ಸೇರಿದರು. ಅವರ ಪರವಾಗಿ ಮಾತಾಡಿದವನು ಈರಪ್ಪ. ಅವನು ನೀರಗಂಟಿ, ಎಂದರೆ ಕಾಲುವೆಯ ನೀರನ್ನು ಹೊಲಗಳಿಗೆ ಪಾಳಿಯ ಪ್ರಕಾರ ಬಿಡುವವನು. ಅವನ ಪಕ್ಕದಲ್ಲಿ ಅಂಗಾರ ಅಕ್ಷತೆ ಹಚ್ಚಿದ ಶಾನುಭೋಗ ನರಸಿಂಗರಾಯರು. ಸ್ವಲ್ಪ ದೂರದಲ್ಲಿ, ಬೇವಿನ ಮರದ ಕೆಳಗೆ, ಕೂಲಿ ಮಾಡುವ ತಿಮ್ಮಣ್ಣ. ಅವನು ಯಾಕೆ ದೂರ ನಿಂತಿದ್ದ ಎಂದು ಆ ಕಾಲದಲ್ಲಿ ಯಾರೂ ಕೇಳುತ್ತಿರಲಿಲ್ಲ.

ಬೋರ್ಡಿನ ಮೇಲೆ ಅವರಿಗಿದ್ದ ಸಿಟ್ಟು ಮೊದಲು ಹೊರಬಂತು. ಮೂರು ಸಲ ಬಂಡಿ ಕಟ್ಟಿಕೊಂಡು ಬಳ್ಳಾರಿಗೆ ಹೋಗಿದ್ದರಂತೆ. ರಾಯರು ಬರೆದ ಅರ್ಜಿ ಕೈಯಲ್ಲಿತ್ತು. ಮೂರು ಸಲವೂ ಗುಮಾಸ್ತ ಒಂದೇ ಉತ್ತರ ಕೊಟ್ಟಿದ್ದ.

“ಸಾಹೇಬ್ರು ಕ್ಯಾಂಪಿನಾಗ ಅದಾರ ಅಂದ,” ಈರಪ್ಪ ಹೇಳಿದ. “ಆ ಕ್ಯಾಂಪು ಅನ್ನೋ ಊರು ಎಲ್ಲೈತಿ ಹೇಳ್ರಿ, ನಾವು ಅಲ್ಲಿಗೇ ಬಂಡಿ ಕಟ್ತೀವಿ. ಬಳ್ಳಾರಿಯಾಗಂತೂ ಅವರು ಇರಂಗಿಲ್ಲ.”

“ಅರ್ಜಿಗೆ ಉತ್ತರ ಬರಲಿಲ್ಲ ಅಂತ ಬ್ಯಾಸರಿಲ್ಲ,” ಎಂದರು ರಾಯರು. “ಅದನ್ನು ಯಾರೂ ಬಿಚ್ಚಿ ಸುದ್ಧಾ ನೋಡಲಿಲ್ಲ. ಕೊಟ್ಟ ಹಾಂಗೇ ವಾಪಸು ಕೊಟ್ರು.”

ನಾನು ಹಾಜರಿ ಪುಸ್ತಕ ಕೇಳಿದೆ. ಅದನ್ನು ಕೆಂಪು ವಸ್ತ್ರದಲ್ಲಿ ಸುತ್ತಿಟ್ಟಿದ್ದರು. ಬಿಚ್ಚಿ ನೋಡಿದೆ. ಮೇಷ್ಟ್ರು ವರ್ಗವಾಗಿ ಹೋದ ಮರುದಿನದಿಂದ ಉಪಾಧ್ಯಾಯರ ಅಂಕಣದಲ್ಲಿ ಪ್ರತಿದಿನವೂ ‘ಹಾಜರು’ ಎಂದು ತುಂಬಿತ್ತು. ಒಂದು ದಿನ ಅಲ್ಲ, ಏಳು ತಿಂಗಳು. ಕೈಬರಹ ಮಾತ್ರ ದಿನಕ್ಕೊಂದು. ಅಕ್ಷರ ಬರುವವರು ಸಹಿ ಹಾಕಿದ್ದರು; ಬಾರದವರು ತಮ್ಮ ಕಸುಬಿನ ಗುರುತು ಬರೆದಿದ್ದರು. ನೇಗಿಲು, ಗುದ್ದಲಿ, ಕತ್ತರಿ, ಗಂಗವ್ವನ ದಿನ ಒಂದು ಸೇರು.

“ಇಲ್ಲಿ ಉಪಾಧ್ಯಾಯರೇ ಇಲ್ಲ. ಹಾಜರು ಎಂದು ಬರೆದವರು ಯಾರು?” ಎಂದು ಕೇಳಿದೆ.

“ಅವತ್ತಿನ ಪಾಳಿ ಯಾರದೋ ಅವರು ಬರದಾರ್ರಿ,” ಈರಪ್ಪ ಹೇಳಿದ, ಇದರಲ್ಲಿ ಕೇಳುವುದೇನಿದೆ ಎಂಬಂತೆ. “ಮಗುವನ್ನ ಸಾಲಿಗೆ ಕಳಸೋ ಮನಿ ಒಂದೊಂದು ದಿನದ ಪಾಳಿ ಹಿಡೀಬೇಕು. ಕಾಲುವಿಮ್ಯಾಲೆ ನನಗ ಜ್ವರ ಬಂದ್ರ, ಅವತ್ತು ಗುದ್ದಲಿ ಹಿಡದಾಂವನೇ ನೀರಗಂಟಿ. ಅವನ ಗುರುತು ನಡೀತೈತಿ. ಹಂಗ ಇದೂ. ಪಾಳಿ ಹಿಡದಾಂವ ಅವತ್ತಿನ ಮೇಷ್ಟ್ರು.”

“ನಿನಗೆ ಓದು ಬರುತ್ತದೆಯೇ?”

“ಇಲ್ರಿ.”

“ಹಾಗಾದರೆ ನಿನ್ನ ಪಾಳಿಯ ದಿನ ಏನು ಕಲಿಸುತ್ತಿ?”

“ನಾ ಏನ್ ಕಲಸ್ಲಿ? ಅವರು ಓದ್ತಾರ, ನಾ ಕೇಳ್ತೀನಿ. ತಿಳೀಲಿಲ್ಲ ಅಂದ್ರ ತಿಳೀಲಿಲ್ಲ ಅಂತೀನಿ. ನನಗ ತಿಳಿಯೋತನ ಬಿಡಿಸಿ ಹೇಳಬೇಕು. ಮನಿಗೆ ಬಿಡಂಗಿಲ್ಲ.”

“ಈರಪ್ಪಗ ತಿಳಿಯೂದಂದ್ರ ಸುಮ್ನ ಅಲ್ರಿ,” ಎಂದಳು ಗಂಗವ್ವ. “ಅವನ ಪಾಳಿ ಇದ್ದ ದಿನ ಮಕ್ಕಳು ಊಟಕ್ಕ ತಡಾ ಬರ್ತಾವ.”

ನಾನು ನಂಬಲಿಲ್ಲ. ನಂಬದಿರುವುದೇ ನನ್ನ ಓದಿನ ಫಲ. ಮಧ್ಯಾಹ್ನದವರೆಗೆ ಒಂದೊಂದೇ ಮಗುವನ್ನು ಕರೆದು ಓದಿಸಿದೆ. ಬಾಯಿಪಾಠ ಒಪ್ಪಿಸುತ್ತಿರಬಹುದೆಂದು ನನ್ನ ಚೀಲದಲ್ಲಿದ್ದ, ಅವರು ಎಂದೂ ಕಾಣದ ಪುಸ್ತಕ ಕೊಟ್ಟೆ. ಓದಿದರು. ಅರ್ಥ ಕೇಳಿದರೆ, ಈರಪ್ಪನಿಗೆ ಹೇಳಿ ರೂಢಿಯಾಗಿತ್ತೇನೋ, ನನಗೂ ಹಾಗೆಯೇ ಬಿಡಿಸಿ ಬಿಡಿಸಿ ಹೇಳಿದರು. ಒಬ್ಬ ಪುಟ್ಟ ಹುಡುಗಿ ನನ್ನ ಮುಖ ನೋಡಿ, “ತಿಳೀತ್ರಿ?” ಎಂದು ಕೇಳಿದಳು. ತಿಳಿಯಿತು ಎಂದೆ.

ಅಕ್ಷರ ತಿದ್ದಿಸಿದವರು ಯಾರು ಎಂದು ವಿಚಾರಿಸಿದೆ. ಅಕ್ಷರದ ದಿನಗಳಲ್ಲಿ ಅರ್ಧ ರಾಯರವು, ಅರ್ಧ ತಿಮ್ಮಣ್ಣನವು ಎಂದರು. ತಿಮ್ಮಣ್ಣ ಬಳ್ಳಾರಿಯ ದಂಡಿನಲ್ಲಿ ಕೂಲಿಗಿದ್ದಾಗ ಓದು ಬರಹ ಕಲಿತಿದ್ದ. ಅವನನ್ನು ಪಡಸಾಲೆಯೊಳಗೆ ಬಿಡುತ್ತಿರಲಿಲ್ಲ. ಹಾಗಾಗಿ ಅವನ ಪಾಳಿಯ ದಿನ ಶಾಲೆಯೇ ಎದ್ದು ಬೇವಿನ ಮರದ ಕೆಳಗೆ ಹೋಗುತ್ತಿತ್ತು. ಎಲ್ಲ ಮಕ್ಕಳೂ ಅವನ ಮುಂದೆ ಒಂದೇ ಮರಳಿನ ಮೇಲೆ ಕೂತು ತಿದ್ದುತ್ತಿದ್ದರು.

“ನಿಮ್ಮ ಮಗನೂ ಅಲ್ಲಿ ಕೂರುತ್ತಾನೆಯೇ?” ಎಂದು ರಾಯರನ್ನು ಕೇಳಿದೆ.

“ತಿಮ್ಮಣ್ಣನ ಪಾಳಿ ಇದ್ದ ದಿನ ನಾನು ಈ ಕಡೆ ಹಾಯೂದಿಲ್ಲ,” ಎಂದರು. “ಸಂಜಿಗೆ ಹುಡುಗ ಸ್ನಾನ ಮಾಡಿ ಒಳಗ ಬರ್ತಾನ. ಅಕ್ಷರ ಮಾತ್ರ ನನ್ನವಕ್ಕಿಂತ ದುಂಡಗ ಬಂದಾವ.”

ನನ್ನ ನೆನಪು ಈ ಮಾತನ್ನು ಹೊಳಪು ಮಾಡಿರಬಹುದು. ಆದರೆ ಅವರು ಹೇಳುವಾಗ ತಿಮ್ಮಣ್ಣನ ಕಡೆ ನೋಡಿದ್ದು, ಅವನು ನೆಲ ನೋಡಿದ್ದು ನನಗೆ ಚೆನ್ನಾಗಿ ನೆನಪಿದೆ.

ಈಗ ನನ್ನ ಕಷ್ಟ ಶುರುವಾಯಿತು. ನಿಯಮದ ಪ್ರಕಾರ ಅದು ಸುಳ್ಳು ಹಾಜರಿ. ಅವರು ಹೆಮ್ಮೆಯಿಂದ ತುಂಬಿದ ಆ ಅಂಕಣವೇ ಶಾಲೆಯನ್ನು ಮುಚ್ಚಿಸುತ್ತಿತ್ತು. ಖಾಲಿ ಬಿಟ್ಟಿದ್ದರೆ ಇಷ್ಟು ತೊಂದರೆಯಿರಲಿಲ್ಲ. ನನಗೆ ಸುಲಭವಾದ ಒಂದು ದಾರಿ ಹೊಳೆಯಿತು. ಅದನ್ನು ಅವರ ಮುಂದಿಟ್ಟೆ: ಕುರುಗೋಡಿಗೆ ಕಳಿಸಿದ್ದು ನಿಮ್ಮ ಮೇಷ್ಟ್ರನ್ನು; ಅವರನ್ನು ವಾಪಸು ಕೊಡಿ ಎಂದು ಈಗಲೇ ಬರೆದುಕೊಡಿ; ನಾನು ಶಿಫಾರಸು ಮಾಡುತ್ತೇನೆ; ಮೇಷ್ಟ್ರು ಬಂದರೆ ಈ ಪುಸ್ತಕವನ್ನು ಯಾರೂ ಕೆದಕುವುದಿಲ್ಲ.

ಗಂಗವ್ವ ಒಪ್ಪಲಿಲ್ಲ.

“ಬಳ್ಳಾರಿಯಾಗ ಆ ಕಚೇರಿ ಕಟ್ಟಿಮ್ಯಾಲೆ ಕುರುಗೋಡಿನವರೂ ಕುಂತಿದ್ರು. ಅದು ಮೊದಲ್ನೇ ಸಲ; ನಮ್ಮ ಮೇಷ್ಟ್ರು ಇನ್ನೂ ಅಲ್ಲಿ ಮುಟ್ಟಿದ್ದಿಲ್ಲ, ಅವರ ಸಾಲಿನೂ ಅವಾಗ ಖಾಲಿನೇ ಇತ್ತು. ಇಡೀ ದಿನ ಕುಂತ್ವಿ. ನಮ್ಮ ರೊಟ್ಟಿ ಅವರು ತಿಂದ್ರು, ಅವರ ಪುಂಡಿಪಲ್ಯ ನಾವು ತಿಂದ್ವಿ. ಈಗ ಅವರ ಮಕ್ಕಳ ಮುಂದಿನ ಮೇಷ್ಟ್ರನ್ನ ಎಬ್ಬಿಸ್ಕೊಂಡು ಬರ್ರಿ ಅಂತ ನಾ ಹೆಂಗ ಹೆಬ್ಬಟ್ಟು ಒತ್ಲಿ?”

“ಅಂದ್ರ ಇಲ್ಲಿ ಸಾಲಿ ಮುಚ್ಚತೈತಿ, ತಿಳ್ಕೊ,” ಎಂದ ಈರಪ್ಪ ಅವಳಿಗೆ. ನಂತರ ನನ್ನ ಕಡೆ ತಿರುಗಿದ. “ಅಕಿ ಹೇಳಿದ್ದು ಖರೇ ಐತ್ರಿ. ಮೇಲಿನ ಹೊಲದ ನೀರು ಒಡಕೊಂಡು ನಮ್ಮ ಹೊಲಕ್ಕ ಬಿಡಂಗಿಲ್ಲ. ಇಬ್ಬರಿಗೂ ಒಬ್ಬೊಬ್ಬ ಮೇಷ್ಟ್ರು ಬೇಕು. ಹಂಗ ಬರೀರಿ. ಆಗಂಗಿಲ್ಲ ಅಂದ್ರ ಇದ್ದದ್ದು ಇದ್ದಂಗ ಬರೀರಿ.”

ತಿಮ್ಮಣ್ಣ ಮರದ ಕೆಳಗಿನಿಂದ ಒಂದೇ ಮಾತು ಹೇಳಿದ: “ನಾಳಿನ ಪಾಳಿ ನಂದ್ರಿ. ನಾಳೆ ಸಾಲಿ ಐತೋ ಇಲ್ಲೋ, ಅಷ್ಟು ಹೇಳ್ರಿ.”

ಐತಿ ಎಂದೆ. ಹಾಗೆ ಹೇಳುವ ಅಧಿಕಾರ ನನಗಿರಲಿಲ್ಲ.

ವರದಿ ಬರೆಯಲು ಎರಡು ದಿನ ಹಿಡಿಯಿತು. ತರ್ಕಶಾಸ್ತ್ರ ನನ್ನ ಉದ್ಯೋಗದಲ್ಲಿ ಅದೊಂದೇ ಸಲ ಉಪಯೋಗಕ್ಕೆ ಬಂತು. ನಡೆಯದ್ದನ್ನು ನಡೆಯಿತೆಂದು ಬರೆದರೆ ಮಾತ್ರ ಸುಳ್ಳು ಹಾಜರಿ. ಇಲ್ಲಿ ಪ್ರತಿದಿನ ಒಬ್ಬರು ಕಲಿಸಿದ್ದಾರೆ, ಕಲಿಸಿದವರೇ ಗುರುತು ಹಾಕಿದ್ದಾರೆ. ಗೈರುಹಾಜರಾದದ್ದು ಬೋರ್ಡು ಎಂದು ಬರೆದೆ. ಎರಡೂ ಊರಿಗೆ ಒಬ್ಬೊಬ್ಬ ಉಪಾಧ್ಯಾಯ ಬೇಕೆಂದು ಕೇಳಿದೆ. ಪುಸ್ತಕವನ್ನೂ ಲಗತ್ತಿಸಿದೆ. ಅಧ್ಯಕ್ಷರು ಕರೆಸಿದರು. ಈ ಸಲ ಅವರು ಕ್ಯಾಂಪಿನಲ್ಲಿರಲಿಲ್ಲ.

“ನಿಮ್ಮನ್ನು ಕಳಿಸಿದ್ದು ನಿಯಮ ನೋಡಲು,” ಎಂದರು. “ಊರಿನವರ ವಕೀಲಿ ಮಾಡಲು ಅಲ್ಲ.”

ತಿಂಗಳೊಳಗೆ ನನಗೆ ಅನಂತಪುರಕ್ಕೆ ವರ್ಗವಾಯಿತು. ಅದು ಶಿಕ್ಷೆಯೋ, ಸರದಿಯ ಪ್ರಕಾರ ಬಂದದ್ದೋ ಇಂದಿಗೂ ಗೊತ್ತಿಲ್ಲ. ಶಾಲೆಯ ಗತಿ ಏನಾಯಿತೆಂದು ಒಂದು ಕಾಗದ ಬರೆದು ಕೇಳಬಹುದಿತ್ತು. ಮುಚ್ಚಿತು ಎಂಬ ಉತ್ತರ ಬಂದೀತೆಂದು ಬರೆಯಲಿಲ್ಲ.

ಇಪ್ಪತ್ತೈದು ವರ್ಷ ನೂರಾರು ಶಾಲೆ ನೋಡಿದೆ. ಕಲಿಸುವವನಿಗೆ ಏನು ಬರುತ್ತದೆ ಎಂದು ಅಳೆಯುವುದೇ ನನ್ನ ಕೆಲಸವೆಂದು ತಿಳಿದಿದ್ದೆ. ತನಗೆ ತಿಳಿಯದು ಎಂದು ಮಕ್ಕಳ ಮುಂದೆ ಒಪ್ಪಿಕೊಂಡು, ತಿಳಿಯುವತನಕ ಏಳದೆ ಕೂರುವ ಮನುಷ್ಯನೂ ಶಾಲೆ ನಡೆಸಬಲ್ಲನೆಂದು ಅಂದು ಕಲಿತೆ. ಮಗುವಿನ ಓದು ಯಾರ ಪಾಳಿ ಎಂಬ ಪ್ರಶ್ನೆಗೆ ಆ ಕೇರಿಯವರು ಕೊಟ್ಟ ಉತ್ತರಕ್ಕಿಂತ ದೊಡ್ಡದನ್ನು ಯಾವ ಕಚೇರಿಯಲ್ಲೂ ಕೇಳಲಿಲ್ಲ. ಆದರೂ ವಯಸ್ಸಾದಂತೆ, ಇದೆಲ್ಲ ನಾನೇ ಕಟ್ಟಿಕೊಂಡದ್ದೇನೋ ಎಂಬ ಅನುಮಾನ ಬಲಿಯಿತು.

ನಿವೃತ್ತನಾದ ಮೇಲೆ ಬಳ್ಳಾರಿಯ ದಫ್ತರಖಾನೆಗೆ ಹೋಗಿ, ನನಗೆ ವರ್ಗವಾದ ಮರುವರ್ಷದ ಶಾಲೆಗಳ ಪಟ್ಟಿ ಕೇಳಿದೆ. ಧೂಳು ಕೊಡವಿ ಕೊಟ್ಟರು. ಒಂದು ಪುಟದಲ್ಲಿ ಕುರುಗೋಡು ಇತ್ತು: ಉಪಾಧ್ಯಾಯರು ಒಬ್ಬರು, ಶಾಲೆ ನಡೆಯುತ್ತಿದೆ. ಎರಡು ಸಾಲು ಕೆಳಗೆ ಸಿರುಗುಪ್ಪದ ಕಾಲುವೆ ಕೇರಿ: ಉಪಾಧ್ಯಾಯರು ಒಬ್ಬರು, ಶಾಲೆ ನಡೆಯುತ್ತಿದೆ. ಉಪಾಧ್ಯಾಯರ ಹೆಸರು ಎರಡು ಕಡೆಯೂ ಒಂದೇ ಇರಬಹುದೇ ಎಂದು ಬೆರಳಿಟ್ಟು ನೋಡಿದೆ. ಬೇರೆ ಬೇರೆ ಇದ್ದವು.