ಒಲೆಗೆ ನೀರು ಉಯ್ದ್ರಾ ಭಟ್ರೇ

೧೯೯೭ರಲ್ಲಿ ನಾನು ಘಟ್ಟದ ಅಂಚಿನ ಒಂದು ರಾಷ್ಟ್ರೀಯ ಉದ್ಯಾನದಲ್ಲಿ ಫಾರೆಸ್ಟರ್ ಆಗಿದ್ದೆ. ರೇಂಜರ್ ಸಾಹೇಬರ ಕೆಳಗೆ, ಗಾರ್ಡುಗಳ ಮೇಲೆ ಇರುವ ಹುದ್ದೆ ಅದು. ನನ್ನ ಊರು ಅರಕಲಗೂಡು. ನನ್ನ ಸೆಕ್ಷನ್ನಿನಲ್ಲಿ ಮರಗಾಡು ಕಡಿಮೆ, ಹುಲ್ಲುಬೆಟ್ಟ ಹೆಚ್ಚು. ಮಳೆಗಾಲದಲ್ಲಿ ಸೊಂಟದೆತ್ತರ ಬೆಳೆಯುವ ಹುಲ್ಲು ಸಂಕ್ರಾಂತಿ ಕಳೆಯುವಷ್ಟರಲ್ಲಿ ಒಣಗಿ ಗರಿಗರಿಯಾಗಿರುತ್ತದೆ. ಅಲ್ಲಿಂದ ಮೊದಲ ಮಳೆ ಬೀಳುವವರೆಗೆ ನಾವು ಯಾರೊಡನೆ ಮಾತಾಡುತ್ತಿದ್ದರೂ ಕಣ್ಣು ಬೆಟ್ಟದ ಕಡೆಗೇ ಇರುತ್ತಿತ್ತು.

ಫೆಬ್ರವರಿ ಮುಗಿಯುವ ಮೊದಲೇ ಚಾರಣಕ್ಕೆ ಅನುಮತಿ ನಿಲ್ಲಿಸುತ್ತಿದ್ದೆವು. ಆ ವರ್ಷದ ಕೊನೆಯ ತಂಡ ಹಾಸನದ ಕಾಲೇಜೊಂದರದು. ಹಾಸನ, ಚನ್ನರಾಯಪಟ್ಟಣ, ಹಿರೀಸಾವೆ ಕಡೆಯ ಮೂವತ್ತರಷ್ಟು ವಿದ್ಯಾರ್ಥಿಗಳು, ಇಬ್ಬರು ಮೇಷ್ಟ್ರು. ಅವರ ಜೊತೆಗೆ ಅಡುಗೆಗೆಂದು ಬಂದವರು ಹೊಳೆನರಸೀಪುರದ ಕೋಟೆಯ ಶಾಮಭಟ್ಟರು.

ನಮ್ಮ ನಾಲ್ಕು ತಾಲ್ಲೂಕಿನಲ್ಲಿ ಆಗ ಅವರ ಹೆಸರು ಗೊತ್ತಿಲ್ಲದ ಮದುವೆ ಮನೆಯೇ ಇರಲಿಲ್ಲ. ಐವತ್ತರ ಆಸುಪಾಸು, ಸಣ್ಣ ಮೈಕಟ್ಟು, ಹೆಗಲ ಮೇಲೆ ಯಾವಾಗಲೂ ಒಂದು ಕೆಂಪು ಪಾಣಿಪಂಚೆ. ಬೆಟ್ಟ ಹತ್ತುವ ವಯಸ್ಸಲ್ಲ ಎಂದು ಮೇಷ್ಟ್ರೇ ಹೇಳಿದರೂ ಕೇಳದೆ ಬಂದಿದ್ದರು. "ಛತ್ರದಲ್ಲಿ ಬಡಿಸಿದ್ರೆ ಉಪ್ಪು ಕಮ್ಮಿ, ಹುಳಿ ಜಾಸ್ತಿ ಅಂತಾರೆ ಸಾರ್. ಇಲ್ಲಿ ಹುಡುಗರು ಇನ್ನೊಂದು ಸೌಟು ಅಂತ ತಟ್ಟೆ ಹಿಡ್ಕೊಂಡು ನಿಂತಿರ್ತಾರೆ. ಈ ವಯಸ್ನಲ್ಲಿ ನನಗಿನ್ನೇನು ಬೇಕು?" ಎಂದು ನಕ್ಕಿದ್ದರು.

ಶಿಬಿರ ಹಾಕಲು ನಾವು ಕೊಟ್ಟ ಜಾಗ ಬೆಂಕಿ ರೇಖೆಯ ಪಕ್ಕದಲ್ಲಿತ್ತು. ಬೆಂಕಿ ರೇಖೆ ಎಂದರೆ ಡಿಸೆಂಬರಿನಲ್ಲಿ, ಹುಲ್ಲು ಇನ್ನೂ ಅರೆಹಸಿಯಾಗಿರುವಾಗ, ನಾವೇ ಅಗಲವಾದ ಪಟ್ಟಿಯಂತೆ ಸುಟ್ಟು ಬೋಳು ಮಾಡಿದ ದಾರಿ. ಮುಂದೆ ಕಾಳ್ಗಿಚ್ಚು ಬಂದರೆ ಅಲ್ಲಿ ಅದಕ್ಕೆ ತಿನ್ನಲು ಏನೂ ಸಿಗುವುದಿಲ್ಲ, ನಿಲ್ಲುತ್ತದೆ. ಮನುಷ್ಯರಿಗೂ ಅದೇ ಆಸರೆ. ಶಿಬಿರದಲ್ಲಿ ಒಂದೇ ಒಲೆ, ಅದೂ ಗುಂಡಿ ತೋಡಿ ಹೂಡಬೇಕು. ಕೆಲಸ ಮುಗಿದ ಕೂಡಲೇ ನೀರು ಹುಯ್ಯಬೇಕು, ಕೆದಕಬೇಕು, ಮತ್ತೆ ಹುಯ್ಯಬೇಕು. ಕೊನೆಗೆ ಬೂದಿಯ ಮೇಲೆ ಅಂಗೈಯ ಹಿಂಬದಿ ಇಟ್ಟು ನೋಡಬೇಕು. ಅಂಗೈ ಕೆಲಸ ಮಾಡಿ ಜಡ್ಡುಗಟ್ಟಿರುತ್ತದೆ, ಹಿಂಬದಿಗೆ ಸಣ್ಣ ಬಿಸಿಯೂ ತಿಳಿಯುತ್ತದೆ. ತಣ್ಣಗಿದೆ ಎಂದು ಕೈ ಹೇಳಿದ ಮೇಲೆಯೇ ಬೆಂಕಿ ಆರಿದೆ ಎನ್ನಬೇಕು. ಟ್ರೈನಿಂಗಿನಲ್ಲಿ ನಮಗೆ ಕಲಿಸಿದ ಮೊದಲ ಪಾಠ ಅದು.

ಇದನ್ನೆಲ್ಲ ನೋಡಿಕೊಳ್ಳಲು ಶಿಬಿರದಲ್ಲಿ ಕರೀಗೌಡನನ್ನು ಇಟ್ಟಿದ್ದೆ. ಅವನು ಬೇಸಿಗೆ ತಿಂಗಳುಗಳಿಗೆ ದಿನಗೂಲಿಯ ಮೇಲೆ ತೆಗೆದುಕೊಳ್ಳುವ ಬೆಂಕಿ ಕಾವಲುಗಾರ. ನಮ್ಮ ಅರಕಲಗೂಡು ತಾಲ್ಲೂಕಿನವನೇ. ಬಾಯಿ ಜೋರು, ಮನಸ್ಸು ಮೆದು.

ಮೊದಲ ದಿನ ಸಂಜೆ ಊಟ ಮುಗಿದು ಕರೀಗೌಡ ಕೊಡ ಎತ್ತಿಕೊಂಡು ಬಂದಾಗ ಭಟ್ಟರು ಒಲೆಗೆ ಅಡ್ಡ ನಿಂತರು.

"ಏ, ನಿಲ್ಲಪ್ಪ! ನೀರು ಹುಯ್ಯೋದು ಚಿತೆಗೆ ಕಣೋ, ಒಲೆಗಲ್ಲ. ನಮ್ಮನೇಲಿ ಒಲೆ ಆರಿಸಿದ್ದೇ ಇಲ್ಲ. ಒಂದು ಕೊರಡು ಇಟ್ಟು ಬೂದಿ ಹೊದಿಸಿ ಮಲಗಿಸ್ತೀವಿ. ಬೆಳಗ್ಗೆ ಊದಿದ್ರೆ ಏಳುತ್ತೆ."

"ನಿಮ್ ಒಲೆ ಮಲಿಕ್ಕಂಡಂಗೆ ಮಾಡಿ ಎದ್ದು ಬೆಟ್ಟ ಅತ್ತುಬುಟ್ರೆ ಏನ್ ಮಾಡೀರಿ? ಅತ್ಲಾಗ್ ಸರೀರಿ ಭಟ್ರೇ. ಪಾಪ ಬಂದ್ರೆ ನನ್ಗೇ ಬರ್ಲಿ, ನನ್ ಲೆಕ್ಕಕ್ಕೆ ಬರ್ಕಳಿ."

ಹಾಗೆಂದು ಸುರಿದೇಬಿಟ್ಟ. ಬುಸ್ಸೆಂದು ಎದ್ದ ಹಬೆಯಲ್ಲಿ ಭಟ್ಟರು ಮುಖ ತಿರುಗಿಸಿಕೊಂಡು ಕಣ್ಣು ಮುಚ್ಚಿ ನಿಂತಿದ್ದು ನನಗೆ ಈಗಲೂ ಕಾಣುತ್ತದೆ. ಹುಡುಗರು ನಕ್ಕರು. ಕರೀಗೌಡನೂ ನಕ್ಕ. ಆಮೇಲೆ ಅವನೇ ಭಟ್ಟರಿಗೆ ಎಲೆ ಅಡಿಕೆ ಕೊಟ್ಟು ಸಮಾಧಾನ ಮಾಡಿದ. ಇಬ್ಬರೂ ಬಹಳ ಹೊತ್ತು ತಮ್ಮ ತಮ್ಮ ಊರಿನ ಮಾತಾಡಿಕೊಂಡು ಕೂತಿದ್ದರು.

ಮರುದಿನ ಉಪ್ಪಿಟ್ಟು, ಕಾಫಿ ಮುಗಿಸಿ ವಿದ್ಯಾರ್ಥಿಗಳು ತುದಿಗೆ ಹೊರಟರು. ಇಲಾಖೆಯ ಕಡೆಯಿಂದ ನಾನೂ ಒಬ್ಬ ಗಾರ್ಡೂ ಜೊತೆಗೆ ಹೋಗುವುದೆಂದು, ಕರೀಗೌಡ ಭಟ್ಟರೊಡನೆ ಶಿಬಿರದಲ್ಲೇ ಉಳಿಯುವುದೆಂದು ಆಗಿತ್ತು. ಹೊರಡುವಾಗ ಅವನು ಡೇರೆಯ ಹಗ್ಗ ಬಿಗಿಯುತ್ತಿದ್ದ. ಅಲ್ಲಿಂದಲೇ ಕೂಗಿದ.

"ಒಲೆಗೆ ನೀರು ಉಯ್ದ್ರಾ ಭಟ್ರೇ?"

"ಹುಯ್ದೆ ಕಣಪ್ಪ, ಹುಯ್ದೆ," ಎಂದರು ಭಟ್ಟರು.

ಕರೀಗೌಡ ನನ್ನ ಕಡೆ ತಿರುಗಿ, "ಉಯ್ದವ್ರೆ ಸಾ. ನೀವ್ ಒಂಡಿ," ಎಂದ.

ನಾವು ಹೊರಟೆವು.

ಮಧ್ಯಾಹ್ನ ತುದಿಯಲ್ಲಿ ಬುತ್ತಿ ಬಿಚ್ಚುವ ಹೊತ್ತಿಗೆ ಗಾರ್ಡು ನನ್ನ ತೋಳು ಹಿಡಿದು ತೋರಿಸಿದ. ಶಿಬಿರದ ದಿಕ್ಕಿನಲ್ಲಿ ಹೊಗೆ. ಬೆಳ್ಳಗಿನ ಹೊಗೆಯಲ್ಲ, ಕಂದು ಹೊಗೆ. ಬೆಂಕಿ ಜೋರಾಗಿ ಹುಲ್ಲು ತಿನ್ನುತ್ತಿದೆ ಎಂದು ಅದರ ಅರ್ಥ. ಗಾಳಿ ಕಣಿವೆಯಿಂದ ಮೇಲಕ್ಕೆ ಬೀಸುತ್ತಿತ್ತು. ಬೆಂಕಿ ಇಳಿಜಾರಿನಲ್ಲಿ ಕೆಳಗೆ ನಿಧಾನ, ಮೇಲಕ್ಕೆ ಓಟ. ಮೇಲಿನ ಹುಲ್ಲನ್ನು ತನ್ನ ಬಿಸಿಯಿಂದಲೇ ಒಣಗಿಸಿಕೊಂಡು ಬರುತ್ತದೆ. ವಾಕಿಟಾಕಿಯಲ್ಲಿ ಕೂಗಿದೆ. ನಡುವೆ ಗುಡ್ಡ ಅಡ್ಡವಿದ್ದುದರಿಂದ ಗರಗರ ಸದ್ದು ಬಿಟ್ಟು ಬೇರೇನೂ ಬರಲಿಲ್ಲ.

ಬಂದ ದಾರಿ ಒಂದು ಕೊರಕಲಿನ ಮೂಲಕ ಇಳಿಯುತ್ತಿತ್ತು. ಅದು ಹತ್ತಿರದ ದಾರಿ. ಆದರೆ ಕೊರಕಲು ಬೆಂಕಿಗೆ ಹೊಗೆಗೂಡು ಇದ್ದಂತೆ. ನಾನು ಎಲ್ಲರನ್ನೂ ಬೆಟ್ಟದ ಆಚೆ ಮಗ್ಗುಲಿನ ಬೆಂಕಿ ರೇಖೆಗೆ ಇಳಿಸಿ, ಸುತ್ತು ಹಾಕಿಸಿ ಕರೆತಂದೆ. ಯಾರಿಗೂ ಒಂದು ತರಚು ಗಾಯವೂ ಆಗಲಿಲ್ಲ.

ಶಿಬಿರ ತಲುಪಿದಾಗ ಸಂಜೆಯಾಗುತ್ತಿತ್ತು. ಎರಡು ಡೇರೆ ಕರಗಿ ನೆಲಕ್ಕೆ ಅಂಟಿಕೊಂಡಿದ್ದವು. ಭಟ್ಟರು ಬೆಂಕಿ ರೇಖೆಯ ನಡುವೆ ಒಬ್ಬರೇ ನಿಂತಿದ್ದರು, ಪಾಣಿಪಂಚೆಯನ್ನು ಮೂಗಿಗೆ ಒತ್ತಿಕೊಂಡು. ನಮ್ಮನ್ನು ನೋಡಿದವರೇ ಹುಡುಗರನ್ನು ಒಬ್ಬೊಬ್ಬರಾಗಿ ಮುಟ್ಟಿ ನೋಡತೊಡಗಿದರು. ಆಮೇಲೆ ನನ್ನ ಹಿಂದೆ ಇಣುಕಿದರು.

"ಕರೀಗೌಡ ಎಲ್ಲಿ ಸಾರ್? ನಿಮ್ಮನ್ನ ಕರಕೊಂಡು ಬರ್ತೀನಿ ಅಂತ ಹೋದ್ನಲ್ಲ."

ಹೊಗೆ ಕಂಡ ಕೂಡಲೇ ಅವನು ಭಟ್ಟರನ್ನು ಕೈಹಿಡಿದು ರೇಖೆಯ ಮೇಲೆ ನಿಲ್ಲಿಸಿದನಂತೆ. ಭಟ್ಟರು ಮತ್ತೆ ಮತ್ತೆ ಒಲೆಯ ಕಡೆಗೇ ನೋಡುತ್ತಿದ್ದರಂತೆ. ಅದನ್ನು ಕಂಡು ಅವನು, "ಅತ್ಲಾಗ್ ಯಾಕ್ ನೋಡೀರಿ? ನೀವ್ ನೀರು ಉಯ್ದಿಲ್ವಾ? ಇದು ಕೆಳಗ್ಲಿಂದ ಬಂದಿರೋದು ಕಣ್ರೀ. ಇಲ್ಲೇ ನಿಂತಿರಿ, ಅಳ್ಳಾಡ್ಬ್ಯಾಡಿ. ಐಕ್ಳು ಕೊರಕ್ಲಲ್ಲಿ ಇಳೀತಾವೇನೋ, ತಡೀತೀನಿ," ಎಂದು ಬೆಂಕಿ ಬಡಿಯಲು ಒಂದು ಹಸಿ ಕೊಂಬೆ ಮುರಿದುಕೊಂಡು ಓಡಿದನಂತೆ.

ಕೊರಕಲಿನ ನಡುವೆ ಒಂದು ಬಂಡೆಯ ಸಂದಿನಲ್ಲಿ ಅವನು ಸಿಕ್ಕಿದ. ಮೈ ಅಷ್ಟಾಗಿ ಸುಟ್ಟಿರಲಿಲ್ಲ. ಹೊಗೆ ಕುಡಿದು ಜೀವ ಹೋಗಿತ್ತು. ಕೊಂಬೆ ಕೈಯಲ್ಲೇ ಇತ್ತು.

ಆ ಸಂಜೆಯೇ ಮಾತು ಶುರುವಾಗಿತ್ತು. ಬೆಟ್ಟದಲ್ಲಿದ್ದ ಒಲೆ ಅದೊಂದೇ, ಬೆಂಕಿ ಎದ್ದಿದ್ದೂ ಅದರ ಆಸುಪಾಸಿನಲ್ಲೇ, ಇನ್ನೇನು ನೋಡುವುದಿದೆ ಎಂದು ಮೇಲಿನವರೊಬ್ಬರು ಹೇಳಿದರು. ಬೆಂಕಿಯ ಮೂಲ ಹುಡುಕಿ ವರದಿ ಕೊಡುವುದು ನನ್ನ ಕೆಲಸ. ಮರುದಿನ ಬೆಳಕು ಹರಿಯುತ್ತಲೇ ನಡೆದು ನೋಡಿದೆ. ಭಟ್ಟರು ಊರಿಗೆ ಹೋಗದೆ ಉಳಿದಿದ್ದರು. ನಾನು ಕರೆಯದಿದ್ದರೂ ಹಿಂದೆ ಬಂದರು.

ಬೆಂಕಿ ಬಂದ ದಿಕ್ಕನ್ನು ಸುಟ್ಟ ನೆಲ ಹೇಳುತ್ತದೆ. ಕಲ್ಲುಗಳನ್ನು ನೋಡಬೇಕು. ಬೆಂಕಿ ಎದುರಾದ ಮೈ ಸುಟ್ಟು ಕಪ್ಪಾಗಿರುತ್ತದೆ, ಮರೆಯ ಮೈ ಹಾಗೇ ಇರುತ್ತದೆ. ಶಿಬಿರದಿಂದ ಕೆಳಗೆ ಪ್ರತಿ ಬಂಡೆಯದೂ ಕೆಳಮೈ ಸುಟ್ಟಿತ್ತು. ಮೇಲುಮೈಯಲ್ಲಿ, ಮಸಾಲೆಗೆ ಹಾಕುವ ಕಲ್ಲುಹೂವು ಬೂದುಬಣ್ಣಕ್ಕೆ ಹಾಗೇ ಅಂಟಿಕೊಂಡಿತ್ತು. ಅಡುಗೆಯವರಿಗೆ ಕಲ್ಲುಹೂವಿನ ಪರಿಚಯ ಹೇಳಬೇಕಾಗಿಲ್ಲ. ಅದನ್ನು ಮುಟ್ಟಿ ತೋರಿಸಿದೆ.

"ನೋಡಿ ಭಟ್ಟರೇ. ನಿಮ್ಮ ಒಲೆಯಿಂದ ಹೋಗಿದ್ದರೆ ಈ ಕಡೆ ಸುಡಬೇಕಿತ್ತು. ಇದು ಕೆಳಗಿನ ಕಾಲುದಾರಿಯಿಂದ ಎದ್ದು ಮೇಲೆ ಬಂದದ್ದು."

ಕಾಲುದಾರಿಯವರೆಗೂ ಹೋಗಿ ನೋಡಿದೆವು. ಸುಟ್ಟ ಜಾಗ ಅಲ್ಲಿ ಕಿರಿದಾಗುತ್ತಾ ಬಂದು ಒಂದು ಪೊದೆಯ ಬಳಿ ಮುಗಿಯುತ್ತಿತ್ತು. ಯಾರು ಹಚ್ಚಿದರು, ಬೀಡಿಯೋ, ದನಕ್ಕೆ ಹೊಸ ಹುಲ್ಲು ಚಿಗುರಲೆಂದೋ, ಅದು ಕೊನೆಗೂ ತಿಳಿಯಲಿಲ್ಲ. ಆದರೆ ಎದ್ದ ಜಾಗ ಅದೇ. ನನಗೆ ಅನುಮಾನ ಉಳಿಯಲಿಲ್ಲ.

ವಾಪಸು ಶಿಬಿರಕ್ಕೆ ಬಂದು, ವರದಿಗೆ ಬೇಕಲ್ಲ ಎಂದು ಒಲೆಯನ್ನೂ ನೋಡಿದೆ. ಭಟ್ಟರು ಮೊದಲ ದಿನವೇ ಸುತ್ತಲಿನ ಹುಲ್ಲನ್ನು ಅಂಗಳದಂತೆ ಕೆರೆದು ಗುಡಿಸಿದ್ದರು. ಬೆಂಕಿ ಆ ಅಂಗಳದ ಅಂಚಿನವರೆಗೆ ಬಂದು ನಿಂತಿತ್ತು. ಗುಂಡಿಯ ಮೇಲೆ ಒಂದು ಚಪ್ಪಟೆ ಕಲ್ಲು ಮುಚ್ಚಿತ್ತು. ಕಲ್ಲು ಸರಿಸಿ ಬೂದಿಯ ಮೇಲೆ ಕೈಯ ಹಿಂಬದಿ ಇಟ್ಟೆ. ಬೆಚ್ಚಗಿತ್ತು. ಕಡ್ಡಿಯಲ್ಲಿ ಕೆದಕಿದೆ. ಗೇಣು ದಪ್ಪದ ಬೂದಿಯ ಅಡಿಯಲ್ಲಿ ಒಂದು ಕೊರಡು, ಅದರ ಹೊಟ್ಟೆಯಲ್ಲಿ ಕೆಂಡ. ಹಿಂದಿನ ದಿನ ಬೆಳಗ್ಗೆ ಮುಚ್ಚಿಟ್ಟದ್ದು, ಗಾಳಿ ತಾಕಿ ಕೆಂಪಗೆ ಕಣ್ಣು ಬಿಟ್ಟಿತು.

ನನಗೆ ಸಮಾಧಾನವಾಯಿತು. ಮುಚ್ಚಿದ ಕಲ್ಲು ಕದಲಿರಲಿಲ್ಲ, ಕೆಂಡ ಇಟ್ಟಲ್ಲೇ ಇತ್ತು. ಇದಕ್ಕಿಂತ ಸಾಕ್ಷಿ ಬೇಕೆ?

"ಭಟ್ಟರೇ, ಇಲ್ಲಿ ನೋಡಿ. ನಿಮ್ಮ ಬೆಂಕಿ ಎಲ್ಲೂ ಹೋಗಿಲ್ಲ. ಇಲ್ಲೇ ಇದೆ."

ಅವರು ಬಗ್ಗಿ ನೋಡಿದರು.

"ಹಾಗಾದ್ರೆ ಕೆಂಡಕ್ಕೆ ಜೀವ ಇತ್ತು," ಎಂದರು. ಅಷ್ಟೇ.

ಕೊಡದಲ್ಲಿದ್ದ ನೀರನ್ನು ನಾನೇ ಹುಯ್ದೆ. ಈ ಸಲ ಅವರು ಮುಖ ತಿರುಗಿಸಲಿಲ್ಲ.

ನನ್ನ ವರದಿಯನ್ನು ಒಪ್ಪಿದರು. ಒಲೆಯ ಮಾತು ಅಲ್ಲಿಗೆ ನಿಂತಿತು. ನಾನು ಬೇರೆ ರೇಂಜಿಗೆ ವರ್ಗವಾದೆ.

ಕೆಲವು ವರ್ಷಗಳ ಮೇಲೆ ಚನ್ನರಾಯಪಟ್ಟಣದಲ್ಲಿ ಸಂಬಂಧಿಕರ ಮದುವೆಗೆ ಹೋಗಿದ್ದೆ. ಕೈ ತೊಳೆಯಲೆಂದು ಛತ್ರದ ಹಿಂದಕ್ಕೆ ಹೋದರೆ ತರಕಾರಿ ರಾಶಿಯ ಮುಂದೆ ಈಳಿಗೆ ಮಣೆಯ ಮೇಲೆ ಕೂತು ಶಾಮಭಟ್ಟರು ಬೂದುಗುಂಬಳ ಹೆಚ್ಚುತ್ತಿದ್ದರು. ಒಲೆಯ ಮುಂದೆ ಯಾರೋ ಬೇರೆಯವರಿದ್ದರು. ಅಡುಗೆ ತಂಡದ ಒಬ್ಬ ಹುಡುಗ ನಗುತ್ತಾ ಹೇಳಿದ, "ಮಾವ ಬರೀ ಹೆಚ್ಚೋದು ಸಾರ್. ಒಲೆ ಹತ್ರ ಬರಲ್ಲ. ಉಪ್ಪು ಖಾರ ಎಷ್ಟು ಅಂತ ಅಲ್ಲಿಂದ್ಲೇ ಕೂಗ್ತಾರೆ."

ನಾನು ಪಕ್ಕದಲ್ಲಿ ಒಂದು ಮಂಕರಿ ಬೋರಲು ಹಾಕಿ ಕೂತೆ. ಆ ಬೆಂಕಿ ನಿಮ್ಮದಲ್ಲ ಎಂದು ಅವತ್ತೇ ತೋರಿಸಿದ್ದೆನಲ್ಲ, ಇನ್ನೂ ಯಾಕೆ ಹೀಗೆ ಎಂದು ಕೇಳಿದೆ.

"ನೀವು ಹೇಳಿದ್ದನ್ನ ನಂಬಿದೀನಿ ಸಾರ್," ಎಂದರು. ಕೈ ನಿಲ್ಲಿಸಲಿಲ್ಲ. "ಬೆಂಕಿ ನಂದಲ್ಲ. ಸುಳ್ಳು ನಂದು. ಹುಯ್ದ್ರಾ ಅಂದ, ಹುಯ್ದೆ ಅಂದೆ. ಸಂಜೆ ಕಾಫಿಗೆ ಕೆಂಡ ಇರಲಿ ಅಂತ ಅಷ್ಟೇ. ಅವನು ಎದ್ದು ಬಂದು ನೋಡಲಿಲ್ಲ. ನಿಮಗೂ ಅದೇ ಹೇಳಿದ. ಕೊನೇಲಿ ಹೊಗೆ ಸುತ್ತಿಕೊಂಡಾಗ್ಲೂ ನನ್ನ ಪರವಾಗೇ ಮಾತಾಡಿ ಹೋದ. ಇದಕ್ಕೆ ಯಾವ ಕಲ್ಲು ತೋರಿಸ್ತೀರಿ?"

ನನ್ನ ಕಾಲ ಬಳಿ ಉರುಳಿ ಬಂದ ಒಂದು ಹೋಳನ್ನು ಎತ್ತಿ ರಾಶಿಗೆ ಹಾಕಿದೆ.

"ಅವನ ಮನೆಗೆ ಹೋಗಿದ್ರಾ?" ಎಂದು ಕೇಳಿದೆ.

"ಹೋಗಿ ಎಲ್ಲಾ ಹೇಳ್ದೆ. ಅವನ ಹೆಂಡ್ತಿ ಬಯ್ಯಲಿ ಅಂತಲೇ ಹೋಗಿದ್ದು. ಬಯ್ಯಲಿಲ್ಲ. 'ನೀವು ಉಯ್ದಿದ್ರೂ ಅವ್ರು ಓಗೋರೇಯಾ ಬುದ್ದಿ, ಐಕ್ಳು ಬತ್ತಾವೆ ಅಂದ್ರೆ ನಿಲ್ಲೋ ಜೀವ ಅಲ್ಲ ಅದು' ಅಂದ್ಳು. ಮಜ್ಜಿಗೆ ಕೊಟ್ಳು. ಕುಡಿದು ಬಂದೆ."

ಆಮೇಲೆ ಹೊಳೆನರಸೀಪುರದ ಕಡೆ ಹೋದಾಗಲೆಲ್ಲ ಅವರ ಮನೆಗೆ ಹೋಗುತ್ತಿದ್ದೆ. ಮನೆಯಲ್ಲಿ ಗ್ಯಾಸ್ ಬಂದಿತ್ತು. ಅವರ ಹೆಂಡತಿ ಕಾಫಿ ಮಾಡಿ ತಂದ ಮೇಲೆ ಭಟ್ಟರು ಎದ್ದು ಹೋಗಿ ಸಿಲಿಂಡರಿನ ತಿರುಪು ಮುಚ್ಚಿದೆಯೇ ಎಂದು ನೋಡಿ ಬರುತ್ತಿದ್ದರು. "ಮುಚ್ಚಿದೀನಿ ಅಂದ್ರೂ ನಂಬಲ್ಲ ನೋಡಿ," ಎಂದು ಆಕೆ ಗೊಣಗುತ್ತಿದ್ದರು. ಅವರು ಸುಮ್ಮನೆ ನಕ್ಕು ಕೂರುತ್ತಿದ್ದರು. ಬೆಟ್ಟದ ವಿಷಯ ನಾವಿಬ್ಬರೂ ಮತ್ತೆ ಎತ್ತಲಿಲ್ಲ. ಸ್ನೇಹ ಹೇಗೆ ಬೆಳೆಯಿತೆಂದು ತಿಳಿಯದು. ನನಗೆ ಅಣ್ಣಂದಿರಿಲ್ಲ.

೨೦೦೮ರಲ್ಲಿ ಅವರು ತೀರಿಕೊಂಡರು. ಹೇಮಾವತಿಯ ದಡದಲ್ಲಿ ಸಂಸ್ಕಾರವಾಯಿತು. ಅಸ್ಥಿ ಆರಿಸುವ ದಿನ ಬೆಳಗ್ಗೆ ಅವರ ಮಗ ನನಗೆ ಫೋನ್ ಮಾಡಿದ.

"ನೀವು ಬರಲೇಬೇಕಂತೆ ಸಾರ್. ಅಪ್ಪ ಹೇಳಿ ಹೋಗಿದಾರೆ. ನೀರು ಚೆನ್ನಾಗಿ ಹುಯ್ಯಿ, ಆಮೇಲೆ ಅರಣ್ಯ ಇಲಾಖೆ ಸಾರ್ ಕೈಯಿಟ್ಟು ನೋಡಿ ಆರಿದೆ ಅನ್ನಲಿ, ನೀನು ಹೇಳಿದ್ರೆ ಆಗಲ್ಲ ಅಂತ."

ನದಿಯಲ್ಲಿ ನೀರು ಕಡಿಮೆಯಿತ್ತು. ಮಗ ಕೊಡ ತುಂಬಿ ತಂದು ಹುಯ್ದ. ಬುಸ್ಸೆಂದು ಸಣ್ಣಗೆ ಹಬೆ ಎದ್ದಿತು. ಪುರೋಹಿತರು ಸಾಕು ಎನ್ನುವಂತೆ ನನ್ನನ್ನು ನೋಡಿದರು. ನಾನು ಕುಕ್ಕರಗಾಲಿನಲ್ಲಿ ಕೂತು ಕೈಯ ಹಿಂಬದಿ ಇಟ್ಟೆ. ಬೆಚ್ಚಗಿತ್ತು. ಇನ್ನೊಂದು ಕೊಡ ಎಂದೆ. ಕೆದಕಿಸಿ, ಮತ್ತೊಂದು ಎಂದೆ.

ಕಾಡಿನ ಕೆಲಸ ನನಗೆ ಕಲಿಸಿದ್ದು ಇಷ್ಟೆ. ಬೆಂಕಿ ಎಲ್ಲಿಂದ ಎದ್ದಿತೆಂದು ಕಲ್ಲು ನೋಡಿ ಹೇಳಬಹುದು. ಆರಿತೇ ಇಲ್ಲವೇ ಎಂಬುದನ್ನು ದೂರದಿಂದ ನೋಡಿ ಹೇಳಲಾಗದು, ಬೇರೆಯವರ ಮಾತು ಕೇಳಿಯೂ ಹೇಳಲಾಗದು. ಹತ್ತಿರ ಹೋಗಿ ಕೂತು ಕೈಯಿಡಬೇಕು. ಒಂದೇ ಸಲಕ್ಕೆ ಮುಗಿಯುವುದೂ ಇಲ್ಲ.

ಮೂರನೆಯ ಕೊಡದ ಮೇಲೆ ಬೂದಿ ತಣ್ಣಗಾಗಿತ್ತು.

"ಆರಿದೆ," ಎಂದೆ.

ಮಗ ಅಸ್ಥಿ ಆರಿಸಲು ಬಗ್ಗಿದ. ನಾನು ಕೈಯನ್ನು ಇನ್ನೂ ಸ್ವಲ್ಪ ಹೊತ್ತು ಅಲ್ಲೇ ಇಟ್ಟುಕೊಂಡಿದ್ದೆ.